ನಡುಗೋಡೆಯ ಮಾತುಕತೆ

ಚಿಕ್ಕಪ್ಪ ಗಂಗಣ್ಣ ಕಾಫಿ ಲೋಟವನ್ನು ಅವಳ ಕಡೆಗೆ ತಳ್ಳಿದ. "ಕುಡಿ. ಸಕ್ಕರೆ ಹಾಕ್ಸಿಲ್ಲ."

ಶಶಿರೇಖಾ ಲೋಟ ಹಿಡಿದು ಅವನ ಮುಖ ನೋಡಿದಳು. ಅವಳು ಸಕ್ಕರೆ ಬಿಟ್ಟು ಇನ್ನೂ ತಿಂಗಳಾಗಿರಲಿಲ್ಲ. ಚಿಕ್ಕಪ್ಪನ ಕಡೆಯ ಹೊಸ್ತಿಲು ತುಳಿಯದೆ ಮೂರು ವರ್ಷವಾಗಿತ್ತು. ಇವನಿಗೆ ಹೇಳಿದವರು ಯಾರು?

ಉತ್ತರವನ್ನು ಅವಳೇ ಹುಡುಕಿಕೊಂಡಳು. ಅವಳ ಅಮ್ಮ ಭಾಗ್ಯಮ್ಮ, ಚಿಕ್ಕಮ್ಮ ಗಂಗಲಕ್ಷ್ಮಮ್ಮ ಒಡಹುಟ್ಟಿದವರು. ಅಣ್ಣತಮ್ಮಂದಿರನ್ನೇ ಮದುವೆಯಾಗಿ ಆವತಿ ಊರಿನ ಈ ಒಂದೇ ಮನೆಗೆ ಬಂದವರು. ಬೋರ್‌ವೆಲ್ ನೀರಿನ ಜಗಳದಲ್ಲಿ ಗಂಡಂದಿರು ಹಜಾರದ ನಡುವೆ ಗೋಡೆ ಎಬ್ಬಿಸಿ, ಅದರ ಬಾಗಿಲಿಗೆ ಬೀಗ ಜಡಿದ ಮೇಲೆ ಅಕ್ಕತಂಗಿಯರ ಮಾತೂ ನಿಂತಿತ್ತು. ಆದರೆ ಹಿತ್ತಲಲ್ಲಿ ಗುಟ್ಟಾಗಿ ಮಾತಾಡಿಕೊಳ್ಳುತ್ತಿರಬೇಕು. ವೈರಿ ದೇಶಗಳ ನಡುವೆಯೂ ಇಂಥ ಕಳ್ಳದಾರಿ ಇರುತ್ತದೆ, ಸಂಧಾನ ಹುಟ್ಟುವುದೇ ಅಲ್ಲಿ ಎಂದು ಅವಳ ಎಂ.ಎ. ಪಾಠದಲ್ಲಿತ್ತು. ಅವಳಿಗೆ ಖುಷಿಯಾಯಿತು.

ಭದ್ರತೆ ಮತ್ತು ಅಂತರರಾಷ್ಟ್ರೀಯ ಸಂಬಂಧಗಳ ಎಂ.ಎ. ಓದು ಪೂರ್ತಿ ಆನ್‌ಲೈನ್. ಯಾವ ಹೊತ್ತಿಗಾದರೂ ಓದಬಹುದು. ವಿಮಾನ ನಿಲ್ದಾಣದ ಚೆಕ್-ಇನ್ ಕೌಂಟರಿನಲ್ಲಿ ಬದಲಾಗುತ್ತಲೇ ಇರುವ ಪಾಳಿಗಳಲ್ಲಿ ದುಡಿಯುತ್ತಿದ್ದ ಅವಳು ಸ್ಟಾಫ್ ಬಸ್ಸಿನ ಕಿಟಕಿಗೆ ತಲೆಯಾನಿಸಿ ಪಾಠ ಕೇಳುತ್ತಿದ್ದಳು. ಮನೆಯಲ್ಲಿ ಅದೊಂದು ತಮಾಷೆ. "ಬಂತಪ್ಪಾ ವಿಶ್ವಸಂಸ್ಥೆ, ಮುದ್ದೆ ಹಾಕಮ್ಮ," ಎನ್ನುತ್ತಿದ್ದ ತಮ್ಮ ವಸಂತ್.

ಅಪ್ಪ ಅಪ್ಪಯ್ಯಣ್ಣ ಮಾತ್ರ ಈ ಯುಗಾದಿಯ ಮಾರನೇ ದಿನ, ಊಟದ ಮಧ್ಯೆ, ಬೇರೆ ದನಿಯಲ್ಲಿ ಕೇಳಿದ್ದ. "ದೇಶದೇಶದ ಜಗಳ ಓದ್ತೀಯಲ್ಲ, ಈ ಗೋಡೆ ಒಂದು ಕೆಡವು ನೋಡಾಣ. ನಿಮ್ಮಮ್ಮ ತಂಗಿ ಮೊಕ ನೋಡ್ದೆ ಸೊರಗ್ತಾವ್ಳೆ."

ಓದಿನ ಬಗ್ಗೆ ಅಪ್ಪ ಕೇಳಿದ್ದು ಅದೇ ಮೊದಲು. ಕೊನೆಯ ಸೆಮಿಸ್ಟರಿಗೆ ನಿಜವಾದ ಒಂದು ಜಗಳದ ಸಂಧಾನ ನಡೆಸಿ ವರದಿ ಬರೆಯಬೇಕಿತ್ತು. ಹೀಗೆ ಅವಳು ಚಿಕ್ಕಪ್ಪನ ಜಗಲಿಯಲ್ಲಿ ಕೂತಿದ್ದಳು.

"ನ್ಯಾಯ ಹೇಳಕ್ಕೆ ಬಂದ್ಬಿಟ್ಟೆ, ಸರಿ," ಎಂದ ಗಂಗಣ್ಣ. "ಆದ್ರೆ ನೀನು ಅವನ ಮಗಳು. ಜಮೀನಲ್ಲಿ ನಿಂಗೂ ಪಾಲೈತೆ. ಪಾಲಿರೋಳು ಮಧ್ಯಸ್ಥಿಕೆ ಹೆಂಗ್ ಮಾಡ್ತೀಯ ತಾಯಿ?"

ಆ ಪ್ರಶ್ನೆ ಬಸ್ಸಿನಲ್ಲೂ ಅವಳನ್ನು ಬಿಡಲಿಲ್ಲ. ಸಂಧಾನಕಾರರಿಗೆ ಫಲಿತಾಂಶದಲ್ಲಿ ಸ್ವಂತ ಲಾಭ ಇರಕೂಡದು: ಮೂರನೇ ಪಾಠದ ಮೊದಲ ಸಾಲೇ ಅದು.

ಆದರೆ ಜಮೀನು? ಕಳೆದ ವರ್ಷ ಗೋಡೌನ್ ಕಂಪನಿಯವರು ಹೆದ್ದಾರಿ ಪಕ್ಕದ ಆ ಹಿಪ್ಪುನೇರಳೆ ತೋಟ ಕೇಳಿಕೊಂಡು ಬಂದಿದ್ದರು. ಕೊಟ್ಟರೆ ಇಡಿಯಾಗಿ ಕೊಡಿ, ಇಲ್ಲದಿದ್ದರೆ ಬೇಡ ಎಂದಿದ್ದರು. ಅವಳು ಖಂಡಿತ ಆಗದು ಎಂದಿದ್ದಳು. ಜಮೀನು ಮಾರಿಕೊಂಡ ಅಪ್ಪಂದಿರ ಮಕ್ಕಳು ಟರ್ಮಿನಲ್ಲಿನಲ್ಲಿ ಟ್ರಾಲಿ ತಳ್ಳುವುದನ್ನು ದಿನವೂ ನೋಡುತ್ತಿದ್ದವಳು ಅವಳು. ಆ ಮಣ್ಣು ಉಳಿಯಬೇಕು. ಅವಳಿಗೆ ಬೇಕಾಗಿದ್ದು ಅದೊಂದೇ.

ಶಾಂತವಾಗಿ ಲೆಕ್ಕ ಹಾಕಿದಳು. ತೋಟ ಇನ್ನೂ ಜಂಟಿ ಖಾತೆಯಲ್ಲಿದೆ. ಒಬ್ಬ ಮಾರಲು ಹೊರಟರೆ ಇನ್ನೊಬ್ಬ ಅಡ್ಡ ನಿಲ್ಲುತ್ತಾನೆ. ಪರಸ್ಪರ ನಂಬದ ಇಬ್ಬರು ಸಮಬಲರ ನಡುವೆ ಇರುವ ವಸ್ತುವಿನಷ್ಟು ಭದ್ರವಾದದ್ದು ಬೇರೊಂದಿಲ್ಲ. ಅದಕ್ಕೆ ಶಕ್ತಿ ಸಮತೋಲನ ಎಂದು ಹೆಸರು. ತನ್ನ ಪಾಲು ಬಿಟ್ಟರೂ ತೋಟ ಎಲ್ಲಿಗೂ ಹೋಗುವುದಿಲ್ಲ.

"ನನ್ನ ಹಕ್ಕು ಬಿಟ್ಕೊಡ್ತೀನಪ್ಪ," ಎಂದಳು.

"ಬ್ಯಾಡ ಕಣಮ್ಮ. ನಾಳೆ ನಮ್ಮನ್ನ ಬೈಕೋಬೇಡ," ಎಂದ ಅಪ್ಪಯ್ಯಣ್ಣ. ಒಂದೇ ಸಲ ಅಂದ. ಅದೇ ವಾರದಲ್ಲಿ ಕಾಗದವೆಲ್ಲ ತಯಾರಾಯಿತು. ಅಪ್ಪ ಇಷ್ಟು ಚುರುಕಾಗಿ ಓಡಾಡಿದ್ದನ್ನು ಅವಳು ಕಂಡಿರಲಿಲ್ಲ. ದೇವನಹಳ್ಳಿಯ ನೋಂದಣಿ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತಿ, ಕ್ಯಾಮೆರಾ ನೋಡಿ ಹೊರಬಂದಾಗ ಅವಳಿಗೆ ಮೈ ಹಗುರವೆನಿಸಿತು. ಈಗ ತನ್ನದು ಯಾವ ಪಕ್ಷವೂ ಅಲ್ಲ.

ಮುಂದಿನದು ನೀರು ಕುಡಿದಷ್ಟು ಸಲೀಸು. ಹಠವನ್ನಲ್ಲ, ಹಠದ ಹಿಂದಿನ ಹಿತವನ್ನು ನೋಡು ಎಂದಿತ್ತು ಪಾಠ. ಬೋರ್‌ವೆಲ್ ನೀರಿಗೆ ನಾಲ್ಕು ಸೂತ್ರ ಬರೆದುಕೊಂಡು ಹೋಗಿದ್ದಳು. ಮೊದಲನೆಯದಕ್ಕೇ ಇಬ್ಬರೂ ತಲೆಯಾಡಿಸಿದರು. ತೋಟ ಮಾರಕೂಡದು ಎಂಬ ಷರತ್ತಿಗೂ ಆಡಿಸಿದರು.

"ಭಲೇ ಓದು ಕಣವ್ವ ಇದು," ಎಂದ ಗಂಗಣ್ಣ, ಅಣ್ಣನ ಮುಖ ನೋಡದೆ.

ಶ್ರಾವಣದ ಮೊದಲ ಸೋಮವಾರ ನಡುಬಾಗಿಲ ಬೀಗ ತೆಗೆದರು. ಎರಡೂ ಮನೆಗೆ ಒಂದೇ ಒಲೆ ಹೊತ್ತಿತು. ಅಪ್ಪ, ಚಿಕ್ಕಪ್ಪ ಅಕ್ಕಪಕ್ಕ ಎಲೆಗೆ ಕೂತರು. ಅಮ್ಮ ಬಡಿಸಿದಳು. ಯಾಕೋ ಮಗಳ ಕಣ್ಣು ತಪ್ಪಿಸಿಯೇ ಬಡಿಸಿದಳು. ಇಷ್ಟು ದಿನದ ಸಂಕಟ ಎಂದುಕೊಂಡಳು ಶಶಿರೇಖಾ.

ಊಟ ಮುಗಿಸಿ ಅಡುಗೆಮನೆಗೆ ಬಂದಳು. ಚಿಕ್ಕಮ್ಮ ಗಂಗಲಕ್ಷ್ಮಮ್ಮ ಒಬ್ಬಳೇ ಪಾತ್ರೆ ತಿಕ್ಕುತ್ತಿದ್ದಳು. ವರದಿಯ ಕಡೆಯ ಪುಟ ಬಾಕಿಯಿತ್ತು: ಸಂಧಾನದ ನಿರ್ಣಾಯಕ ಘಟ್ಟ ಯಾವುದು, ಯಾಕೆ?

"ಚಿಕ್ಕಮ್ಮ, ನಿಜ ಹೇಳು. ಚಿಕ್ಕಪ್ಪನ ಮನಸ್ಸು ಕರಗಿದ್ದು ಯಾವಾಗ? ನಾನು ಆಡಿದ ಯಾವ ಮಾತಿಗೆ? ನಾನು ಬರ್ಕೋಬೇಕು."

ಗಂಗಲಕ್ಷ್ಮಮ್ಮನ ಕೈ ನಿಂತಿತು. ಹಜಾರದಲ್ಲಿ ಅಣ್ಣತಮ್ಮಂದಿರು ಏನಕ್ಕೋ ಗಟ್ಟಿಯಾಗಿ ನಗುತ್ತಿದ್ದರು. ಅವಳು ತಲೆ ಎತ್ತಲಿಲ್ಲ.

"ಏನೂ ಬರ್ಕೋಬೇಡ ಕಣವ್ವ. ಅವರಿಬ್ರೂ ಸಂಕ್ರಾಂತಿಗೇ ಒಂದಾಗಿದ್ರು. ತೋಟಾನ ಗೋಡೌನಿನೋರಿಗೆ ಕೊಡಕ್ಕೆ ನಿನ್ನ ಸೈನು ಒಂದೇ ಬಾಕಿ ಇದ್ದಿದ್ದು."