ಎಂಟನೆಯ ದಿನದ ನೀರು

ಮಗುವಿನ ಪೌಡರಿನ ವಾಸನೆ ಬಂದರೆ ಈಗಲೂ ನನ್ನ ಎದೆ ಧಸಕ್ಕೆನ್ನುತ್ತದೆ.

ತೊಂಬತ್ತರ ದಶಕದಲ್ಲಿ ಕತಾರಿನ ದೋಹಾದ ನಜ್ಮಾ ಬಡಾವಣೆಯಲ್ಲಿದ್ದೆವು; ನಾನಾಗ ಒಂಬತ್ತು ವರ್ಷದ ಹುಡುಗಿ. ಪಕ್ಕದ ಮನೆಯ ಘಾನಾದವರೂ ನಮ್ಮಂತೆ ಕ್ರೈಸ್ತರೇ. ಎಂಟು ದಿನದ ಮೊಮ್ಮಗಳಿಗೆ ಹೆಸರಿಡುವಾಗ ಆ ಮನೆಯ ಅಜ್ಜಿ ಬೆರಳಿನಿಂದ ಅದರ ನಾಲಿಗೆಗೆ ಒಂದು ಹನಿ ನೀರು ಮುಟ್ಟಿಸಿದಳು.

"ಅಷ್ಟಕ್ಕೇ ಮಗು ದೇವರದ್ದಾಗ್ತದಾ ಮಾರಾಯ್ತಿ? ಜ್ಞಾನಸ್ನಾನ ಅಂದ್ರೆ ತಲೆಗೆ ಹೊಯ್ಯಬೇಕು," ಎಂದು ಅಮ್ಮ ನನ್ನೊಡನೆ ನಕ್ಕಳು.

ಮರುದಿನ ಮಧ್ಯಾಹ್ನ ಮಗುವಿಗೆ ಪೌಡರು ಹಚ್ಚಿ, ನನ್ನ ಬಳಿ ಬಿಟ್ಟು ಅಜ್ಜಿ ಒಳಗೆ ಹೋದಾಗ ನಾನೇ ಮಗುವಿನ ತಲೆಗೆ ಒಂದು ಲೋಟ ನೀರು ಹೊಯ್ದೆ. ನೀರು ಮೂಗಿಗಿಳಿದು ಮಗು ಉಸಿರುಗಟ್ಟಿ ನೀಲಿಯಾಯಿತು. ಓಡಿಬಂದ ಅಜ್ಜಿ ಅದರ ಮೂಗಿಗೆ ಬಾಯಿಟ್ಟು ನೀರು ಹೀರಿ ಉಗಿದಳು. ಕೊನೆಗೂ ಮಗು ಅತ್ತಿತು.

ಗದ್ದಲ ಕೇಳಿ ಬಂದ ಅಮ್ಮ ನನ್ನನ್ನು ಕೇಳಿದಳು: "ಈ ಅಜ್ಜಿ ಮತ್ತೆ ನೀರು ಕುಡಿಸಿದ್ದಾ? ಇವರ ಪದ್ಧತಿ ಮಗುವನ್ನೇ ಕೊಲ್ತದೆ!"

"ಹೌದು," ಎಂದೆ.

ನಮ್ಮ ಮಾತು ಅರ್ಥವಾಗದ ಅಜ್ಜಿ, ಹೆದರಿದ್ದ ನನ್ನ ಬೆನ್ನು ಸವರುತ್ತಿದ್ದಳು.