ಗಡ್ಡೆಯ ಹಾಸುಗಲ್ಲು

ರೊಟ್ಟಿ ಮುರಿಯುವುದನ್ನು ಬಿಟ್ಟು ಸೂಗಪ್ಪ ಎಡಗೈ ಬೆರಳಿನಿಂದ ನೆಲ ತಟ್ಟಿದ. ಕಲ್ಲು ಕಂಚಿನಂತೆ ಸದ್ದು ಮಾಡಿತು. ಯಾರಾದರೂ ನೋಡಿದರೇ ಎಂದು ತಲೆಯೆತ್ತಿದ. ಯಾರೂ ನೋಡಿರಲಿಲ್ಲ.

ಶಹಾಬಾದಿನಲ್ಲಿ ಮೂವತ್ತು ವರ್ಷ ಕಲ್ಲಿನ ಖಣಿ ನಡೆಸಿದವನು ಅವನು. ಹಾಸುಗಲ್ಲಿನ ಜಾತಿಯನ್ನು ಕಣ್ಣು ಮುಚ್ಚಿ ಹೇಳುತ್ತಿದ್ದ. ಈಚೆಗೆ ಖಣಿಯಲ್ಲಿ ಕಲ್ಲಿಗಿಂತ ನೀರೇ ಹೆಚ್ಚಾಗಿ ಅವನ ನಿದ್ದೆ ಹಾರಿಹೋಗಿತ್ತು. ದಂಡೋತಿಯ ಕೆಳಗೆ ಕಾಗಿಣೆ ಹೊಳೆ ಎರಡಾಗಿ ಒಡೆದು ಮತ್ತೆ ಕೂಡುವಲ್ಲಿ ಒಂದು ನಡುಗಡ್ಡೆ. ಅದರ ಮೇಲೆ ಇಪ್ಪತ್ತು ಮನೆಯ ಊರು. ಬೇಸಿಗೆಯಲ್ಲೂ ಅಲ್ಲಿಗೆ ಹೋಗಲು ಹರಗೋಲೇ ಬೇಕು. ಆ ಊರ ಗೌಡ ಅಮೃತಪ್ಪನ ಹತ್ತಿರ ಎತ್ತು ಕೊಳ್ಳಲು ಬಂದು ಅವನ ಮನೆಯಲ್ಲೇ ಊಟಕ್ಕೆ ಕೂತಿದ್ದ ಸೂಗಪ್ಪನಿಗೆ ಈಗ ಎತ್ತು ಮರೆತೇ ಹೋಯಿತು.

ನೀರು, ಮಜ್ಜಿಗೆ ಎಂಬ ನೆವ ಮಾಡಿ ಅವನು ಇಪ್ಪತ್ತೂ ಮನೆ ಹೊಕ್ಕು ಬಂದ. ಎಲ್ಲ ಕಡೆ ಹಾಸುಗಲ್ಲೇ. ಒಂದು ನೀಲಿ, ಒಂದು ಬೂದಿ, ಒಂದು ಹಳದಿ, ಒಂದು ಕೆಂಪು. ನಾಲ್ಕು ಬಣ್ಣವೆಂದರೆ ನೆಲದೊಳಗೆ ನಾಲ್ಕು ಪದರ! ಊರಿಗೆ ಬಾವಿಯೂ ಇರಲಿಲ್ಲ. ಬಂಡೆಯಲ್ಲಿ ಬಾವಿ ತೋಡುವುದು ಹುಡುಗಾಟವೇ? ಗೋಡೆಗಳು ಮಾತ್ರ ಮಣ್ಣಿನವು. ಅಮೃತಪ್ಪನ ಪಡಸಾಲೆಯಲ್ಲಿ ಎರಡು ಕಲ್ಲು ಕಿತ್ತ ಜಾಗವನ್ನು ಸಗಣಿ ಸಾರಿಸಿ ಬಿಟ್ಟಿದ್ದರು. ಹಿತ್ತಲ ಗಿಡ ಮದ್ದಲ್ಲ ಎಂದುಕೊಂಡು ಸೂಗಪ್ಪ ಒಳಗೇ ನಕ್ಕ.

ಈ ಕಲ್ಲು ಎಲ್ಲಿಯದೆಂದು ಅವನು ಯಾರನ್ನೂ ಕೇಳಲಿಲ್ಲ. ಬೇಕಾದ ಮಾಲಿನ ಮಾತೆತ್ತಿದರೆ ಬೆಲೆ ಏರುತ್ತದೆಂದು ಅವನ ಅಪ್ಪ ಕಲಿಸಿದ್ದ. ಅದನ್ನು ಅವನು ಎಂದೂ ಮುರಿದವನಲ್ಲ.

"ಗೌಡ್ರೇ, ಒಂದಿಷ್ಟು ಹೊಲ ಕೊಡ್ತೀರೇನ್ರಿ?" ಎಂದಷ್ಟೇ ಕೇಳಿದ.

"ಹೊರಗಿನವರಿಗೆ ಕೊಡಂಗಿಲ್ರಿ," ಎಂದ ಅಮೃತಪ್ಪ. "ಬೀಗರಿಗಾದ್ರ ಮಾತು ಬ್ಯಾರೆ."

ಅಮೃತಪ್ಪನಿಗೆ ಐವತ್ತೆರಡು. ಇಬ್ಬರು ಹೆಂಡಿರನ್ನು ಮಣ್ಣು ಮಾಡಿದ್ದ. ಸೂಗಪ್ಪನಿಗೆ ಒಬ್ಬಳೇ ಮಗಳು, ವಿಮಲಾ. ಹತ್ತೊಂಬತ್ತು ವರ್ಷ, ಮೆಟ್ರಿಕ್ ಪಾಸು. ವಾಡಿಯ ರೈಲ್ವೆ ಗುಮಾಸ್ತನೊಬ್ಬನಿಗೆ ಮಾತು ಕೊಟ್ಟಾಗಿತ್ತು. ಆ ಹುಡುಗ ಎರಡು ಕಾಗದ ಬರೆದಿದ್ದ. ಅವಳು ಅವನ್ನು ಬಾಯಿಪಾಠ ಮಾಡಿದ್ದಳು.

ಸೂಗಪ್ಪ ವಾಡಿಗೆ ಹೋಗಿ ಮಾತು ಮುರಿದು ಬಂದ.

"ಆ ಗೌಡನ ಮೊದಲನೇಕಿ ಹಡೀಲಾರದೇ ಸತ್ತಾಳಂತ," ಎಂದು ಹೆಂಡತಿ ಮಹಾದೇವಮ್ಮ ಗೋಳಾಡಿದಳು. "ಹೊಳಿ ತುಂಬಿತ್ತಂತ, ಹರಗೋಲು ದಾಟಲಿಲ್ಲಂತ. ನಿಮಗ ಕರುಳು ಅದನೋ ಇಲ್ಲೋ?"

"ಐದು ವರ್ಷ ತಡಿ. ನಿನ್ನ ಮಗಳು ಬಂಗಾರದಾಗ ಉಳ್ಳಾಡ್ತಾಳ."

ವಿಮಲಾ ಅಳಲಿಲ್ಲ. "ಎಷ್ಟಕ್ಕಪ್ಪಾ?" ಎಂದಳು. ಅವನು ಕಪಾಳಕ್ಕೆ ಹೊಡೆದ. ಹೊಡೆದ ಮೇಲೆ ಅವನಿಗೂ ಸಂಕಟವಾಯಿತು. ಆದರೆ ಮರುದಿನವೇ ಖಣಿ ಮಾರಿದ.

ಬಂದ ದುಡ್ಡಿನ ಬಹುಪಾಲು ಸುರಿದು, ಚಿತ್ತಾಪುರದ ನೋಂದಣಿ ಕಚೇರಿಯಲ್ಲಿ ನಡುಗಡ್ಡೆಯ ಮೂವತ್ತು ಎಕರೆಯನ್ನು ತನ್ನ ಹೆಸರಿಗೆ ಬರೆಸಿಕೊಂಡ. ಅಷ್ಟು ಹೊಲ ಯಾಕೆಂದು ಅಮೃತಪ್ಪನಿಗೆ ತಿಳಿಯಲಿಲ್ಲ. ಕೊಡುವವನಿಗೇನು, ಹೆಬ್ಬೆಟ್ಟು ಒತ್ತಿದ.

"ವರದಕ್ಷಿಣಿ ಬ್ಯಾಡ್ರಿ ಬೀಗರೇ," ಎಂದ. "ಹುಡುಗಿ ಜೋಡಿ ತರೂದು ತಂದ್ರ ಸಾಕು. ನಿಮ್ಮಂಥವರಿಗೆ ಅದನ್ನ ಹೇಳಬೇಕೇನು?"

ಬಂಗಾರದ ಆಸೆ ಗೌಡನಿಗೂ ಬಿಟ್ಟಿಲ್ಲ ಎಂದುಕೊಂಡ ಸೂಗಪ್ಪ. ಉಳಿದ ದುಡ್ಡಿನಲ್ಲಿ ನಾಲ್ಕು ತೊಲೆಯ ಪಾಟ್ಲಿ ಬಳೆ ಮಾಡಿಸಿದ.

ಶಹಾಬಾದಿನಲ್ಲಿ ಮದುವೆ ಮುಗಿಯಿತು. ಗಂಡಿನವರು ಮೊದಲ ಹರಗೋಲಿನಲ್ಲಿ ದಾಟಿ ಹೋದರು. ಮಗಳನ್ನು ಕರೆದುಕೊಂಡು ಸೂಗಪ್ಪ ಎರಡನೆಯದನ್ನು ಹತ್ತಿದ. ಅಂಬಿಗ ಚಾಂದ್ ಪೆಟ್ಟಿಗೆ ಸರಿಸಿದ, ಹಾಸಿಗೆಯ ಸುರುಳಿ ಎತ್ತಿ ನೋಡಿದ.

"ಸಾಮಾನು ಇಷ್ಟೇ ಏನ್ರಿ ಸಾವಕಾರ್ರೇ?"

"ಇಷ್ಟೇ. ಪೆಟ್ಟಿಗ್ಯಾಗ ಬಂಗಾರ ಅದ, ಜ್ವಾಕಿ."

ಚಾಂದ್ ಹುಡುಗಿಯ ಮುಖವನ್ನೊಮ್ಮೆ ನೋಡಿ ಹುಟ್ಟು ಹಾಕಿದ. ವಿಮಲಾ ಹಿಂದಿನ ದಡದ ಕಡೆಗೆ ಮುಖ ಮಾಡಿ ಕೂತಿದ್ದಳು. ಸೂಗಪ್ಪನ ಮನಸ್ಸೆಲ್ಲ ಸೋಮವಾರದ ಮೇಲಿತ್ತು. ಅಂದು ಎಂಟು ಜನ ಕಲ್ಲೊಡೆಯುವವರು ಹಾರೆ, ಉಳಿ ಹಿಡಿದು ಬರುವವರಿದ್ದರು. ಅವರಿಗೆ ಮುಂಗಡವನ್ನೂ ಕೊಟ್ಟಿದ್ದ.

ಗೌಡನ ಮನೆಯ ಹೊಸ್ತಿಲಲ್ಲಿ ಅವನ ಅಕ್ಕ ಅನಸುಬಾಯಿ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಆರತಿ ಎತ್ತಲಿಲ್ಲ. ಮದುಮಗಳ ಹಿಂದೆ ಇಣುಕಿ ನೋಡಿದಳು, ಹರಗೋಲಿನ ದಾರಿಯನ್ನೂ ನೋಡಿದಳು.

"ಕಲ್ಲೆಲ್ಲಿ?" ಎಂದಳು.

ಸೂಗಪ್ಪನಿಗೆ ನಗು ತಡೆಯಲಾಗಲಿಲ್ಲ. ಹೊಲ ಅವನ ಹೆಸರಿಗೆ ಬಂದಾಗಿತ್ತು. ಇನ್ನು ಬಾಯಿ ಬಿಡಲು ಯಾರ ಭಯ?

"ಕಲ್ಲಿಗೇನು ಬರ ಬಿದ್ದದೇನ್ರವ್ವಾ! ಎರಡು ಮೊಳ ಅಗದ್ರ ಬೇಕಾದಷ್ಟು ಸಿಗ್ತದ."

ಅನಸುಬಾಯಿ ಅವನನ್ನು ಹುಚ್ಚನನ್ನು ನೋಡುವಂತೆ ನೋಡಿದಳು.

"ಎಲ್ಲಿ ಅಗೀತೀರಿ? ಈ ಗಡ್ಡಿ ತುಂಬ ಎರಡಾಳುದ್ದ ಬರೇ ಉಸುಕು. ಬಾವಿ ತೋಡಿದ್ರ ಸಂಜೀಗೇ ಕುಸೀತದ. ಇಲ್ಲಿರೋ ಒಂದೊಂದು ಪರ್ಸಿ ಕಲ್ಲೂ ಒಬ್ಬೊಬ್ಬ ಸೊಸಿ ತನ್ನ ತವರಿನಿಂದ ಹರಗೋಲಿನ್ಯಾಗ ತಂದದ್ದು. ಆಕಿ ಅದರ ಮ್ಯಾಲ ಹಡೀತಾಳ, ಸತ್ರ ಆಕಿ ಕುಣಿ ಮ್ಯಾಲ ಅದನ್ನೇ ಹಾಕ್ತೀವಿ. ನಿಮ್ಮ ಮಗಳದೆಲ್ಲಿ?"