ಫುಟ್‌ಪಾತಿನ ದೂರು

ಹಸಿ ಸುಣ್ಣದ ವಾಸನೆ ಬಂದರೆ ನನಗೆ ಚಿಕ್ಕಂದಿನ ಹಬ್ಬದ ಹಿಂದಿನ ದಿನಗಳು ನೆನಪಾಗುತ್ತವೆ. ಆ ವಾಸನೆಯೇ ನನ್ನನ್ನು ಎದುರು ಮನೆಯ ಗೃಹಪ್ರವೇಶಕ್ಕೆ ಕರೆದುಕೊಂಡು ಹೋಯಿತು. ನಡೆಯಲಾಗದ ಆರು ಹೆಂಗಸರಿಗೆ ಕಡಿಮೆ ಬಾಡಿಗೆಗೆ ಕೊಡಲೆಂದು ಒಂದು ಟ್ರಸ್ಟ್ ಕಟ್ಟಿಸಿದ ಮನೆ ಅದು. ನಮ್ಮ ಬೀದಿಯಿಂದ ಹೋದವಳು ನಾನೊಬ್ಬಳೇ.

ಊಟಕ್ಕೆ ಕೂರುವ ಹೊತ್ತಿಗೆ ಅದರ ಪಕ್ಕದ ಮನೆಯವನು ನಗರಸಭೆಯ ಇಂಜಿನಿಯರನ್ನೂ ಜೆಸಿಬಿಯನ್ನೂ ಕರೆತಂದ.

"ಒಡೀರಿ ಸಾರ್ ಆ ಬಾಗಿಲ ಮುಂದಿನ ಇಳಿಜಾರನ್ನ. ಗಾಲಿಕುರ್ಚಿ ಹತ್ತದಿದ್ರೆ ತಾವಾಗೇ ಜಾಗ ಖಾಲಿ ಮಾಡ್ತಾರೆ. ಇದೇನು ಬೀದಿನಾ, ಆಸ್ಪತ್ರೆ ವಾರ್ಡಾ?"

ಬಾಗಿಲಲ್ಲಿ ಗಾಲಿಕುರ್ಚಿಯಲ್ಲಿದ್ದ, ಆ ಆರು ಜನರಲ್ಲಿ ಒಬ್ಬಳಾದ ನೀಲಾಂಬಿಕೆ ಕೈಮುಗಿದಳು. "ಬೇಡ ಅಣ್ಣಾ. ಅದಿಲ್ಲದಿದ್ರೆ ನಾವ್ಯಾರೂ ಈ ಮನೇಲಿರಕ್ಕಾಗಲ್ಲ."

"ಯಾರಮ್ಮ ನಿಂಗೆ ಅಣ್ಣ? ಬಾಯ್ಮುಚ್ಕೊಂಡಿರು."

ಇಂಜಿನಿಯರು ಟೇಪು ಹಿಡಿದು ಅಳೆದರು. "ಇದು ಅವರ ಸೈಟಿನ ಒಳಗೇ ಇದೆಯಲ್ರೀ."

"ಮತ್ತೆ ನಾನು ಕೊಟ್ಟ ದೂರು?"

"ಅದರಲ್ಲಿ ನೀವು ಯಾರ ಮನೆ ಅಂತಲೂ ಬರೆದಿಲ್ಲ. ಈ ಬೀದಿಯ ಫುಟ್‌ಪಾತ್ ಮೇಲಿರೋ ಇಳಿಜಾರನ್ನೆಲ್ಲ ತೆಗೀರಿ ಅಂತ ಬರೆದಿದ್ದೀರಿ."

"ನಾಲ್ಕು ಜನ ನನ್ನ ಕೆಟ್ಟೋನು ಅನ್ಬಾರ್ದು ಅಂತ ಹಾಗೆ ಬರ್ದೆ ಸಾರ್!"

ಜೆಸಿಬಿ ಅವನ ಮನೆಯ ಕಡೆಗೇ ತಿರುಗಿತು. ಕಾರು ಹತ್ತಿಸಲು ಅವನು ಫುಟ್‌ಪಾತಿನ ಮೇಲೆ ಕಟ್ಟಿಸಿಕೊಂಡಿದ್ದ ಇಳಿಜಾರು ಎರಡೇ ಏಟಿಗೆ ಪುಡಿಯಾಯಿತು. ಕಾರು ಗೇಟಿನ ಒಳಗೇ ಉಳಿಯಿತು. ಅವನು ಸಿಮೆಂಟಿನ ಧೂಳಿನಲ್ಲಿ ನಿಂತಿದ್ದ.

ನೀಲಾಂಬಿಕೆಯ ಗಾಲಿಕುರ್ಚಿ ಮೆಲ್ಲನೆ ಕೆಳಗಿಳಿದು ಬಂತು. ತೊಡೆಯ ಮೇಲಿಟ್ಟುಕೊಂಡಿದ್ದ ಊಟದ ತಟ್ಟೆಯನ್ನು ಅವಳು ಅವನ ಕೈಗೆ ಕೊಟ್ಟಳು.